ಠರಾವು ಎಂಬ ಎರಡು ಸಾಲು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗುರುಗಳನ್ನೂ ಪ್ರಾರ್ಥನೆಯ ಗಂಟೆಯನ್ನೂ ನೆನೆದು ಬರೆಯಬೇಕೆಂಬ ಮನಸ್ಸು ಮೊದಲು ಬಂದದ್ದು ನಿಜ. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಸಹಪಾಠಿಗಳಿದ್ದಾರೆ. ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಊರಿನ ಸಭೆಯೊಂದು ಮಾಡುವ ತೀರ್ಮಾನಕ್ಕೆ, ನಮ್ಮ ಕಡೆ ಎಲ್ಲರೂ ‘ಠರಾವು’ ಎಂದು ಕರೆಯುವ ಆ ಎರಡು ಸಾಲಿನ ಬರವಣಿಗೆಗೆ, ನಿಜವಾಗಿ ಎಷ್ಟು ಬಲವಿದೆ ಎಂಬುದೇ ಆ ವಿಷಯ. ಶಾಲೆಯ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರಿಗೆ ಉತ್ತರ ಮುಂದೆ ದೊರೆಯುತ್ತದೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ತಂದೆಯವರು ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋಗಿದ್ದರು. ಓಣಿಯ ನೀರಿನ ನಳದ ವಿಷಯ. ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ, ಮರಾಠಿಯಲ್ಲಿ ಬರೆದು ತನ್ನಿರೆಂದರು. ಅವರು ಹೊರಗೆ ಬಂದು, ಅರ್ಜಿ ಬರೆಯುವವರೊಬ್ಬರಿಗೆ ಹಣ ಕೊಟ್ಟು, ತಮಗೆ ಓದಲು ಬಾರದ ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದರು. ಅದರಲ್ಲಿ ಏನು ಬರೆದಿದೆ ಎಂದು ಮನೆಗೆ ಬಂದು ನನ್ನನ್ನು ಕೇಳಿದರು, ಶಾಲೆಯಲ್ಲಿ ಆಗ ತಾನೇ ಕಲಿಯುತ್ತಿದ್ದ ಮರಾಠಿಯಲ್ಲಿ ನಾನು ತಡವರಿಸುತ್ತ ಓದಿ ಹೇಳಿದೆ. ಆ ದಿನದ ಕಾಗದ ನನ್ನ ಮನಸ್ಸಿನಿಂದ ಹೋಗಿಲ್ಲ. ಮರಾಠಿಯ ಮೇಲೆ ನನಗೆ ಅಂದೂ ಮುನಿಸಿರಲಿಲ್ಲ, ಇಂದೂ ಇಲ್ಲ. ಅಕ್ಕಲಕೋಟೆಯ ಪೇಟೆಯಲ್ಲಿ ಎರಡು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುವವರು ನಾವು. ಪ್ರಶ್ನೆ ಇದ್ದದ್ದು ತನ್ನ ಅರ್ಜಿಯನ್ನು ತಾನೇ ಓದಲಾರದ ಮನುಷ್ಯನದು.

ಮೊದಲು ಠರಾವು ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ಅಕ್ಕಲಕೋಟೆಯಂತಹ ಊರುಗಳ ನಗರಪರಿಷತ್ತುಗಳು 1965ರ ಮಹಾರಾಷ್ಟ್ರ ನಗರಪರಿಷತ್ತುಗಳ ಕಾಯಿದೆಯ ಪ್ರಕಾರ ನಡೆಯುತ್ತವೆ. ಸೊಲ್ಲಾಪುರದ ಮಾತು ಬೇರೆ. 1964ರ ಮೇ 1ರಂದು ಮಹಾನಗರಪಾಲಿಕೆಯಾದ ಆ ಊರಿಗೆ ಬೇರೆಯೇ ಕಾಯಿದೆ. ಸಭೆಯ ವಿಷಯ ಪತ್ರಿಕೆ ಸದಸ್ಯರಿಗೆ ಮುಂಚಿತವಾಗಿ ಹೋಗುತ್ತದೆ. ವಿಷಯ ಬಂದಾಗ ಒಬ್ಬರು ಸೂಚಕರು, ಇನ್ನೊಬ್ಬರು ಅನುಮೋದಕರು. ಚರ್ಚೆಯಾಗಬಹುದು, ಆಗದೆಯೂ ಇರಬಹುದು. ಬಹುಮತ ಬಂದರೆ ನಡಾವಳಿಯ ಪುಸ್ತಕದಲ್ಲಿ ಕ್ರಮಾಂಕ ಹಾಕಿ ಎರಡು ಸಾಲು ಬರೆಯುತ್ತಾರೆ. ಅದೇ ಠರಾವು. ಅದನ್ನು ಕಾರ್ಯರೂಪಕ್ಕೆ ತರುವವರು ಸದಸ್ಯರಲ್ಲ, ಮುಖ್ಯಾಧಿಕಾರಿಗಳು. ಅದು ಕಾನೂನಿಗೆ ವಿರುದ್ಧವಾಗಿದೆ ಎನಿಸಿದರೆ ಜಿಲ್ಲಾಧಿಕಾರಿಗಳು ತಡೆಹಿಡಿಯಬಹುದು. ಆ ಅಧಿಕಾರ ಕಾಯಿದೆಯ 308ನೆಯ ಕಲಮಿನಲ್ಲಿದೆ. ಈ ಕಲಮನ್ನು ಓದುಗರು ನೆನಪಿನಲ್ಲಿಡಬೇಕು. ಚುನಾಯಿತ ಸದಸ್ಯರೇ ಇಲ್ಲದಾಗ ಆಡಳಿತಾಧಿಕಾರಿಗಳೊಬ್ಬರೇ ಸಭೆಯ ಅಧಿಕಾರವನ್ನೆಲ್ಲ ನಡೆಸುತ್ತಾರೆ. 2025ರ ಡಿಸೆಂಬರಿನಲ್ಲಿ ಚುನಾವಣೆಗಳು ನಡೆಯುವವರೆಗೆ ಮಹಾರಾಷ್ಟ್ರದ ಅನೇಕ ನಗರಪರಿಷತ್ತುಗಳು ವರ್ಷಗಟ್ಟಲೆ ಹೀಗೆಯೇ ನಡೆದವು. ಸೂಚಕರೂ ಇಲ್ಲ, ಅನುಮೋದಕರೂ ಇಲ್ಲ, ಕೇಳುವವರೂ ಇಲ್ಲ.

ನಮ್ಮ ಸೀಮೆಯಲ್ಲಿ ಊರಿನ ಸಭೆಯ ತೀರ್ಮಾನವೆಂದರೆ ಹಿರಿಯರಿಗೆ ಮೊದಲು ನೆನಪಾಗುವುದು 1930ರ ಸೊಲ್ಲಾಪುರ. ಗಾಂಧೀಜಿ ದಾಂಡಿಯ ಕಡಲತೀರದಲ್ಲಿ ಉಪ್ಪನ್ನೆತ್ತಿದ ದಿನ, ಏಪ್ರಿಲ್ 6ರಂದು, ಸೊಲ್ಲಾಪುರದ ನಗರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ಧ್ವಜವನ್ನು ಏರಿಸಿದವರು ಅಣ್ಣಾಸಾಹೇಬ ಭೋಪಟಕರರು. ಇಡೀ ದೇಶದಲ್ಲಿ ನಗರಸಭೆಯೊಂದು ಹೀಗೆ ಧ್ವಜವೇರಿಸಿದ್ದು ಅದೇ ಮೊದಲೆಂದು ಸೊಲ್ಲಾಪುರದವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ನಂತರ ನಡೆದದ್ದು ಎಲ್ಲರಿಗೂ ತಿಳಿದ ಇತಿಹಾಸ. ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನ, ಗಿರಣಿ ಕೆಲಸಗಾರರ ಆಕ್ರೋಶ, ಗೋಲಿಬಾರು, ಪೊಲೀಸರು ಹಿಂದೆ ಸರಿದ ಕೆಲವು ದಿನ ಜನರೇ ಊರನ್ನು ನೋಡಿಕೊಂಡದ್ದು, ಆಮೇಲೆ ಮಾರ್ಷಲ್ ಲಾ. 1931ರ ಜನವರಿ 12ರಂದು ಯೆರವಡೆಯ ಸೆರೆಮನೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಗಲ್ಲಿಗೇರಿಸಿದರು. ನಾಲ್ವರ ಹೆಸರುಗಳನ್ನು ಒಟ್ಟಿಗೆ ಓದಿದರೆ ಸೊಲ್ಲಾಪುರವೆಂಬುದು ಎಂತಹ ಊರೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಕಟ್ಟಡ ನಗರಸಭೆಯದು, ಆದರೆ ಅದರ ಮೇಲೆ ಯಾವ ಧ್ವಜ ಹಾರಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರವನ್ನು ಪರಕೀಯ ಸರಕಾರ ಊರಿನವರಿಗೆ ಬಿಟ್ಟುಕೊಡಲಿಲ್ಲ. ಆ ತೀರ್ಮಾನದ ಬಲ ಅದನ್ನು ಮಾಡಿದವರ ಧೈರ್ಯದಲ್ಲಿತ್ತೇ ಹೊರತು ಕಾಯಿದೆಯಲ್ಲಿರಲಿಲ್ಲ. ಸ್ವತಂತ್ರ ಭಾರತದಲ್ಲಿ ಠರಾವಿನ ಲೆಕ್ಕವೇ ಬೇರೆ. ಇಲ್ಲಿ ಸಭೆಗೆ ಸಂವಿಧಾನವೇ ಸ್ಥಾನ ಕೊಟ್ಟಿದೆ. 1993ರಿಂದ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳಿಂದ ಪಂಚಾಯತಿ, ನಗರಪರಿಷತ್ತುಗಳೆರಡೂ ಸಂವಿಧಾನದೊಳಗೆ ಬಂದವು. ಸ್ಥಾನದ ಜೊತೆಗೆ ಗೆರೆಯೂ ಬಂತು. ಆ ಗೆರೆ ಎಲ್ಲಿದೆ ಎಂಬುದನ್ನು ನಮ್ಮ ತಾಲೂಕೇ 2022ರಲ್ಲಿ ಕಂಡಿತು.

ಆ ವರ್ಷದ ಕೊನೆಗೆ ಗಡಿಯ ವಿಷಯ ಮತ್ತೆ ಬಿಸಿಯಾಗಿತ್ತು. ಜತ್ತ ತಾಲೂಕಿನ ಹಳ್ಳಿಗಳು ನೀರಿಗಾಗಿ 2012ರಲ್ಲಿ ಮಾಡಿದ್ದ ಠರಾವಿನ ಮಾತು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಬಂತು. ಅದರ ಬೆನ್ನಿಗೇ ಅಕ್ಕಲಕೋಟೆ ತಾಲೂಕಿನ ಹನ್ನೊಂದು ಗ್ರಾಮಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಇಚ್ಛೆಯ ಠರಾವು ಮಾಡಿದವು. ರಸ್ತೆಯಿಲ್ಲ, ನೀರಿಲ್ಲ, ಗಡಿಯಾಚೆಯ ಹಳ್ಳಿಗಳಲ್ಲಿರುವ ಸೌಕರ್ಯ ನಮಗಿಲ್ಲ ಎಂಬುದು ಅವರ ದೂರು. ಆಡಳಿತದಿಂದ ನೋಟೀಸು ಬಂತು; ಹೆಚ್ಚಿನ ಪಂಚಾಯತಿಗಳು ಠರಾವನ್ನು ಹಿಂದೆಗೆದುಕೊಂಡವು.

ಆಗ ನನ್ನ ಪರಿಚಿತರಲ್ಲಿ ಕೆಲವರು ಆ ಹಳ್ಳಿಗಳವರನ್ನು ಹೊಗಳಿದರು, ಕೆಲವರು ತೆಗಳಿದರು. ನನಗೆ ಎರಡೂ ಸರಿ ಕಾಣಲಿಲ್ಲ. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ಅನುಚ್ಛೇದದ ಪ್ರಕಾರ ಸಂಸತ್ತಿಗೆ ಮಾತ್ರ. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರಗಳು ಕರ್ನಾಟಕಕ್ಕೆ ಸೇರಬೇಕೆಂದು ಬರೆಯಿತು. ಅಂತಹ ವರದಿಯೂ ಕಾಗದದಲ್ಲಿಯೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಹೀಗಿರುವಾಗ ಪಂಚಾಯತಿಯ ಠರಾವು ಒಂದು ಕಲ್ಲನ್ನೂ ಅತ್ತಿತ್ತ ಸರಿಸಲಾರದು. ಆದರೂ ರಸ್ತೆಗಾಗಿ ಹತ್ತು ಅರ್ಜಿ ಕೊಟ್ಟಾಗ ಯಾರೂ ಓದದವರು ಗಡಿಯ ಎರಡು ಸಾಲು ಬರೆದ ಕೂಡಲೇ ಓದಿದರಲ್ಲ ಎಂಬ ಹಳ್ಳಿಯವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಗೆರೆಯಾಚೆಗೆ ಬರೆದ ಠರಾವು ಸುದ್ದಿಯಾಗುತ್ತದೆ, ನಿಲ್ಲುವುದಿಲ್ಲ.

ಗೆರೆಯೊಳಗೆ ಬರೆದದ್ದು ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲದು ಎಂಬುದಕ್ಕೆ ಮಹಾರಾಷ್ಟ್ರದ್ದೇ ಇನ್ನೊಂದು ಊರಿನ ಉದಾಹರಣೆಯಿದೆ. ನಮ್ಮ ಕನ್ನಡ ಮನೆಗಳಲ್ಲಿ ಅದರ ಮಾತು ಹೆಚ್ಚಾಗಿ ಕೇಳಿಬಂದಂತಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಕೋಲಾ ಜಿಲ್ಲೆಯಲ್ಲಿ ಪಾತೂರ ಎಂಬ ಸಣ್ಣ ಪಟ್ಟಣ. ಅಲ್ಲಿಯ ನಗರಪರಿಷತ್ತಿನ ಕಟ್ಟಡದ ಹೆಸರಿನ ಫಲಕದಲ್ಲಿ ಮೇಲೆ ಮರಾಠಿ, ಕೆಳಗೆ ಉರ್ದು. ಉರ್ದು ಇರಬಾರದೆಂದು ಮಾಜಿ ಸದಸ್ಯೆಯೊಬ್ಬರು ಆಕ್ಷೇಪವೆತ್ತಿದರು. 2020ರ ಫೆಬ್ರುವರಿ 14ರಂದು ಪರಿಷತ್ತು ವಿಷಯವನ್ನು ಚರ್ಚೆಗೆ ತೆಗೆದುಕೊಂಡು, 1956ರಿಂದ ಫಲಕದಲ್ಲಿ ಉರ್ದು ಇದೆ, ಊರಿನ ಬಹುಜನರಿಗೆ ಆ ಭಾಷೆ ತಿಳಿದಿದೆ, ಆದ್ದರಿಂದ ಇರಲಿ ಎಂದು ಬಹುಮತದಿಂದ ಠರಾವು ಮಾಡಿತು. ಮತ್ತೆ ಅದೇ ಎರಡು ಸಾಲು.

ಆಕ್ಷೇಪಿಸಿದವರು ಮೇಲೆ ಹೇಳಿದ 308ನೆಯ ಕಲಮನ್ನು ಹಿಡಿದು ಜಿಲ್ಲಾಧಿಕಾರಿಗಳ ಬಳಿಗೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ಜಿಲ್ಲಾಧಿಕಾರಿಗಳು ಪರಿಷತ್ತಿನ ವ್ಯವಹಾರವೆಲ್ಲ ನೂರಕ್ಕೆ ನೂರು ಮರಾಠಿಯಲ್ಲಿರಬೇಕೆಂದು ಆದೇಶಿಸಿದರು. 2021ರ ಏಪ್ರಿಲಿನಲ್ಲಿ ವಿಭಾಗೀಯ ಆಯುಕ್ತರು ಆ ಆದೇಶವನ್ನು ರದ್ದುಗೊಳಿಸಿದರು. ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಇಷ್ಟರಲ್ಲಿ 2022ರಲ್ಲಿ ಸ್ಥಳೀಯ ಸಂಸ್ಥೆಗಳ ರಾಜಭಾಷೆ ಮರಾಠಿಯೆಂದು ರಾಜ್ಯದ ಹೊಸ ಕಾಯಿದೆಯೇ ಬಂತು. ಇನ್ನು ಉರ್ದುವಿನ ಕತೆ ಮುಗಿಯಿತೆಂದೇ ಎಲ್ಲರೂ ತಿಳಿದಿರಬೇಕು. ಆದರೆ 2024ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ, ವ್ಯವಹಾರವನ್ನು ಮರಾಠಿಯಲ್ಲಿ ನಡೆಸಬೇಕೆಂದು ಕಾಯಿದೆ ಹೇಳುತ್ತದೆಯೇ ಹೊರತು, ಫಲಕದ ಮೇಲೆ ಮರಾಠಿಯ ಜೊತೆಗೆ ಇನ್ನೊಂದು ಭಾಷೆಯನ್ನು ಬರೆಯಬಾರದೆಂದು ಹೇಳುವುದಿಲ್ಲ ಎಂದಿತು.

2025ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಮತ್ತು ನ್ಯಾಯಮೂರ್ತಿ ಕೆ. ವಿನೋದ್ ಚಂದ್ರನ್ ಅವರ ಪೀಠ ಅದನ್ನೇ ಎತ್ತಿ ಹಿಡಿಯಿತು. 308ನೆಯ ಕಲಮಿನ ಪ್ರಕಾರ ಠರಾವಿನ ಮೇಲೆ ಜಿಲ್ಲಾಧಿಕಾರಿಗಳಿಗೆ ಬರೆಯಬೇಕಾದವರು ಮುಖ್ಯಾಧಿಕಾರಿಗಳೇ ಹೊರತು ಯಾರೆಂದರೆ ಅವರಲ್ಲ ಎಂಬ ತಾಂತ್ರಿಕ ಮಾತೂ ಅದರಲ್ಲಿದೆ. ಆದರೆ ನ್ಯಾಯಮೂರ್ತಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. ಭಾಷೆಯೆಂಬುದು ಮತಧರ್ಮವಲ್ಲ, ಅದು ಒಂದು ಸೀಮೆಯ ಜನರ ಸೊತ್ತು. ನಗರಪರಿಷತ್ತಿರುವುದು ಊರಿನವರ ದಿನನಿತ್ಯದ ಅಗತ್ಯಗಳಿಗಾಗಿ. ಊರಿನವರಲ್ಲಿ ಒಂದು ಗುಂಪಿಗೆ ತಿಳಿಯುವ ಭಾಷೆ ರಾಜಭಾಷೆಯ ಜೊತೆಗೆ ಫಲಕದ ಮೇಲಿದ್ದರೆ ಆಕ್ಷೇಪಕ್ಕೆ ಕಾರಣವಿಲ್ಲ ಎಂಬುದು ಆ ತೀರ್ಪಿನ ಸಾರ.

ಈ ತೀರ್ಪು ಬಂದದ್ದು ಉರ್ದುವಿನ ಬಗ್ಗೆ. ಆದರೆ ‘ಉರ್ದು’ ಇದ್ದ ಕಡೆ ‘ಕನ್ನಡ’ವೆಂದು ಇಟ್ಟು ಓದಿದರೆ ಅದರ ತರ್ಕದಲ್ಲಿ ಒಂದಕ್ಷರವೂ ಅಲುಗುವುದಿಲ್ಲ. ಪಾತೂರಕ್ಕೆ ಸಲ್ಲುವುದು ಅಕ್ಕಲಕೋಟೆಗೂ ದುಧನಿಗೂ ಮೈಂದರಗಿಗೂ ಸಲ್ಲುತ್ತದೆ. ಮರಾಠಿಯ ಕೆಳಗೆ ಕನ್ನಡದ ಒಂದು ಸಾಲು ಬರೆಯುವುದಕ್ಕೆ ದಿಲ್ಲಿಯನ್ನಾಗಲಿ ಬೆಂಗಳೂರನ್ನಾಗಲಿ ಕೇಳಬೇಕಾಗಿಲ್ಲ. ಸೂಚಕರೊಬ್ಬರು, ಅನುಮೋದಕರೊಬ್ಬರು, ಬಹುಮತ, ಇಷ್ಟು ಸಾಕು. ಫಲಕವೇ ದೊಡ್ಡದೆಂದು ನಾನು ತಿಳಿದಿಲ್ಲ. ನಳಪಟ್ಟಿಯ ನೋಟೀಸು, ದವಾಖಾನೆಯ ಸೂಚನೆ, ಲಸಿಕೆಯ ದಿನಾಂಕ, ಮನೆಪಟ್ಟಿಯ ಕೊನೆಯ ದಿನ, ಇವು ಫಲಕಕ್ಕಿಂತ ದೊಡ್ಡವು.

ಇದರ ಜೊತೆಗೆ ಇನ್ನೂ ಎರಡು ಆಧಾರಗಳಿವೆ, ಹಳೆಯವು. ತನ್ನ ಕುಂದುಕೊರತೆಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಆಯಾ ಪ್ರದೇಶದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದುಕೊಡುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ಈ ಸಾಲನ್ನು ನಾನು ಮೊದಲ ಸಲ ಓದಿದ್ದು ಕಾಲೇಜಿನಲ್ಲಿ. ನಮ್ಮ ತಂದೆಯವರ ಅರ್ಜಿ ಹಿಂದಿರುಗಿದಾಗಲೂ ಅದು ಅಲ್ಲಿಯೇ ಇತ್ತು. ಅವರಿಗೂ ಗೊತ್ತಿರಲಿಲ್ಲ, ಮೇಜಿನ ಆಚೆ ಕುಳಿತವರಿಗೂ ಗೊತ್ತಿರಲಿಲ್ಲವೆಂದೇ ನಾನು ತಿಳಿದಿದ್ದೇನೆ. ಎರಡನೆಯದು, ಜಿಲ್ಲೆಯಲ್ಲಾಗಲಿ ಅದಕ್ಕಿಂತ ಚಿಕ್ಕ ಪ್ರದೇಶದಲ್ಲಾಗಲಿ ನೂರಕ್ಕೆ 15ರಷ್ಟು ಜನ ಒಂದು ಭಾಷೆಯವರಿದ್ದರೆ ಮುಖ್ಯ ನಿಯಮಗಳನ್ನೂ ನೋಟೀಸುಗಳನ್ನೂ ಆ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು ಭಾಷಾ ಅಲ್ಪಸಂಖ್ಯಾತರಿಗಾಗಿ ರಾಜ್ಯಗಳೆಲ್ಲ ಕೇಂದ್ರದೊಡನೆ ಸೇರಿ ಒಪ್ಪಿಕೊಂಡ ಏರ್ಪಾಡು. ಇದು ಕಾನೂನಲ್ಲ, ಒಪ್ಪಂದ. ಕೇಳುವವರಿದ್ದರೆ ಮಾತ್ರ ನಡೆಯುವಂಥದು.

ಶಾಲೆಯ ಸಂಚಿಕೆಯಲ್ಲಿ ಇದನ್ನೇಕೆ ಬರೆದೆನೆಂಬುದಕ್ಕೆ ಈಗ ಬರುತ್ತೇನೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ವ್ಯವಸ್ಥೆ ಮಾಡಬೇಕೆಂದು 350ಎ ಅನುಚ್ಛೇದ ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಗಡಿ ಎಳೆದ ಅದೇ ವರ್ಷ. ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲಿ ಪಠ್ಯಪುಸ್ತಕಗಳು ಅಚ್ಚಾಗಿ ಬರುತ್ತವೆ. ಅವುಗಳಲ್ಲಿ ಓದಿಯೇ ನಾವು ದೊಡ್ಡವರಾದೆವು. ಆದರೆ ಶಾಲೆಯ ಗೇಟಿನ ಹೊರಗೆ ಬಂದ ಮಗುವಿಗೆ ಆ ಅಕ್ಷರ ಅಂಗಡಿಯ ಹಲಗೆಯ ಮೇಲಲ್ಲದೆ ಊರಿನ ಸಂಸ್ಥೆಯ ಗೋಡೆಯ ಮೇಲೆ ಎಲ್ಲಿಯೂ ಕಾಣದಿದ್ದರೆ, ಇದು ಪರೀಕ್ಷೆಗೆ ಮಾತ್ರ ಬೇಕಾದ ಭಾಷೆಯೆಂದು ಅದು ತಿಳಿಯುತ್ತದೆ. ಮುಂದಿನ ವರ್ಷ ತಂದೆತಾಯಿಗಳೂ ಹಾಗೆಯೇ ತಿಳಿದು ಬೇರೆ ಶಾಲೆಯಲ್ಲಿ ಹೆಸರು ಹಚ್ಚುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ನನ್ನ ಸ್ವಂತ ಮಗಳನ್ನು ನಾನು ಕನ್ನಡ ಶಾಲೆಗೆ ಕಳಿಸಲಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಪ್ರಾಮಾಣಿಕತೆ.

ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಚ್ಚುವುದಾದರೆ ಅನುಭವದಿಂದ ಎರಡು ಮಾತು. ಅರ್ಜಿಯನ್ನು ಕನ್ನಡದಲ್ಲಿ ಬರೆದು, ಕೆಳಗೆ ಮರಾಠಿಯ ಅನುವಾದವನ್ನೂ ಜೋಡಿಸಬೇಕು. ಹಕ್ಕು ನಮ್ಮದಿದ್ದರೂ ಓದುವವರಿಗೆ ತೊಂದರೆ ಕೊಡಬೇಕೆಂದೇನಿಲ್ಲ. ಕೇಳಬೇಕಾದದ್ದನ್ನು ಒಂದೇ ವಿಷಯಕ್ಕೆ ಸೀಮಿತಗೊಳಿಸಬೇಕು, ಹತ್ತು ಕೇಳಿದರೆ ಒಂದೂ ವಿಷಯ ಪತ್ರಿಕೆಗೆ ಏರುವುದಿಲ್ಲ. ಪಾತೂರದ ತೀರ್ಪಿನ ಪ್ರತಿಯನ್ನು ಲಗತ್ತಿಸಬೇಕು. ವಾರ್ಡಿನ ಸದಸ್ಯರನ್ನು ಮೊದಲೇ ಕಂಡು ಸೂಚಕರಾಗಲು ಒಪ್ಪಿಸಬೇಕು, ಅನುಮೋದಕರು ಮರಾಠಿ ಮನೆಯವರಾದರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಆವಕ ಶಾಖೆಯಲ್ಲಿ ಅರ್ಜಿ ಕೊಟ್ಟ ಮೇಲೆ ಪ್ರತಿಯ ಮೇಲೆ ಶಿಕ್ಕೆ, ಕ್ರಮಾಂಕ, ದಿನಾಂಕಗಳನ್ನು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬಾರದು. ನಾನು ಸಿದ್ಧಪಡಿಸಿದ ಕರಡೊಂದು ಸಂಪಾದಕ ಮಂಡಳಿಯವರ ಬಳಿ ಇದೆ, ಬೇಕಾದವರು ಪಡೆದುಕೊಳ್ಳಬಹುದು.