ಚಳಿಗಾಲದ ಆರಂಭದಲ್ಲಿ ಗ್ರಾಮದ ಹವೆಯ ದಿನಚರಿ

ಮುಂಗಾರು ಹಿಂದೆಗೆದೊಡನೆ ಮಳೆಯ ಲೆಕ್ಕವು ಮುಗಿಯಿತೆಂದು ಭಾವಿಸಿ ಮಳೆಮಾಪಕವನ್ನು ಮೂಲೆಗಿಡುವುದು ಸರಿಯಾದ ಕ್ರಮವಲ್ಲ. ಬೆಳೆಯು ಹೊಲದಲ್ಲಿ ಹಸುರಾಗಿ ನಿಂತಿರುವಾಗ ಬಂದ ಮಳೆಗಿಂತಲೂ, ಅದನ್ನು ಕೊಯ್ದು ಅರಿ ಹಾಕಿದ ಮೇಲೆ ಬರುವ ಮಳೆಯು ರೈತನಿಗೆ ಹೆಚ್ಚಿನ ನಷ್ಟವನ್ನುಂಟುಮಾಡಬಲ್ಲುದು. ದಕ್ಷಿಣ ಕರ್ನಾಟಕದಲ್ಲಿ ರಾಗಿಯ ಕೊಯ್ಲೂ ಬಂಗಾಳ ಕೊಲ್ಲಿಯ ಚಂಡಮಾರುತಗಳೂ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಒಟ್ಟಿಗೆ ಒದಗುವುದರಿಂದ, ಈ ಕಾಲದ ಹವೆಯನ್ನು ಪ್ರತಿದಿನವೂ ಗುರುತಿಸಿಡುವುದು ಅತ್ಯಾವಶ್ಯಕವಾಗಿದೆ.

2021ನೆಯ ಇಸವಿಯಲ್ಲಿ ಇದರ ಕಹಿಯಾದ ಅನುಭವವಾಯಿತು. ಆ ವರ್ಷದ ನವೆಂಬರ್ 11 ಮತ್ತು 19ನೆಯ ತಾರೀಖುಗಳಲ್ಲಿ ಎರಡು ವಾಯುಭಾರ ಕುಸಿತಗಳು ತಮಿಳುನಾಡಿನ ಉತ್ತರ ಕರಾವಳಿಯನ್ನು ದಾಟಿದವು. ಒಳನಾಡಿನಲ್ಲಿ ಕೊಯ್ಲಿಗೆ ಬಂದಿದ್ದ ರಾಗಿಯು ನೆಲಕ್ಕೊರಗಿ, ತೆನೆಯಲ್ಲಿಯೇ ಮೊಳೆತು ಹಾಳಾಯಿತು. ಮಲೆನಾಡಿನಲ್ಲಿ ಕಾಫಿಯ ಹಣ್ಣು ಉದುರಿತು. ಕಾಳಿನೊಡನೆ ದನಗಳ ಮೇವೂ ಹೋಯಿತು.

ವಿಶಾಖೆಯ ಮಳೆಯು ನವೆಂಬರ್ 6ರ ಸುಮಾರಿಗೆ ಹುಟ್ಟಿ 19ರ ಸುಮಾರಿಗೆ ಮುಗಿಯುವುದೆಂದೂ, ಅನಂತರ ಅನೂರಾಧೆಯು ಬರುವುದೆಂದೂ ಪಂಚಾಂಗವು ತಿಳಿಸುತ್ತದೆ. ಈ ತಾರೀಖುಗಳು ಪ್ರತಿವರ್ಷವೂ ಹೆಚ್ಚುಕಡಮೆ ಒಂದೇ ಆಗಿರುತ್ತವೆ. ಆದರೆ ಈ ವರ್ಷದ ವಿಶಾಖೆಯಲ್ಲಿ ಯಾವ ದಿನ ಕುಡುಗೋಲು ಹಿಡಿಯಬೇಕು, ಯಾವ ದಿನ ತಡೆಯಬೇಕು ಎಂಬುದನ್ನು ಪಂಚಾಂಗವು ಹೇಳಲಾರದು. ಆ ಕೆಲಸಕ್ಕೆ ಗ್ರಾಮದ ದಿನಚರಿಯೇ ಬೇಕು. ತಾಲ್ಲೂಕು ಕೇಂದ್ರದ ಅಳತೆಯನ್ನೇ ನೆಚ್ಚುವುದೂ ಸಾಲದು. ಒಂದೇ ಮಳೆಯು ಕೆರೆಯ ಈಚೆ ಸುರಿದು ಆಚೆ ಬಾರದಿರುವುದನ್ನು ರೈತರೆಲ್ಲರೂ ಬಲ್ಲರು.

ಮಳೆಯ ಅಳತೆ.— ಮಳೆಮಾಪಕವನ್ನು ಬಯಲಿನಲ್ಲಿಡತಕ್ಕದ್ದು. ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡರಷ್ಟು ದೂರದಲ್ಲಾದರೂ ಇರಬೇಕು. ಮಾಪಕದ ಬಾಯಿಯು ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ ಸಮವಾಗಿರಬೇಕು. ಪ್ರತಿದಿನ ಬೆಳಿಗ್ಗೆ 8-30 ಘಂಟೆಗೆ ನೀರನ್ನಳೆದು, ಹಿಂದಿನ 24 ಘಂಟೆಗಳ ಮಳೆಯೆಂದು ಆ ತಾರೀಖಿನ ಎದುರಿಗೆ ಬರೆಯಬೇಕು. ಮಳೆಯಿಲ್ಲದ ದಿನ ಸೊನ್ನೆಯನ್ನು ಬರೆಯಲು ಮರೆಯಬಾರದು. ಬರಿದಾಗಿ ಬಿಟ್ಟ ಸ್ಥಳವು ಮಳೆ ಬಾರದುದನ್ನೋ ಅಳೆಯದುದನ್ನೋ ಮುಂದೆ ಯಾರಿಗೂ ತಿಳಿಸಲಾರದು. 25 ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರು ನೀರು. ಎರೆಭೂಮಿಯ ಕಡಲೆಗೂ ಹಿಂಗಾರಿ ಜೋಳಕ್ಕೂ ಇದು ಎಷ್ಟರ ಸಂಪತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಚಳಿ, ಮೋಡ ಮತ್ತು ಗಾಳಿ.— ಕನಿಷ್ಠ ಉಷ್ಣತೆಯನ್ನು ತೋರಿಸುವ ಉಷ್ಣಮಾಪಕವನ್ನು ಬಿಸಿಲು ತಾಗದ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿಟ್ಟು ಅದೇ ಹೊತ್ತಿಗೆ ನೋಡತಕ್ಕದ್ದು. ಆಕಾಶವು ನಿರ್ಮಲವಾಗಿ ಗಾಳಿಯು ನಿಂತಿದ್ದರೆ ರಾತ್ರಿ ನೆಲದ ಕಾವು ಮೇಲಕ್ಕೆ ಹೋಗಿ ಚಳಿ ಹೆಚ್ಚುವುದು, ಇಬ್ಬನಿಯೂ ಬೀಳುವುದು. ಮೋಡ ಕವಿದರೆ ಅದು ನೆಲಕ್ಕೆ ಕಂಬಳಿ ಹೊದಿಸಿದಂತಾಗಿ ಕಾವು ಉಳಿಯುವುದು. ಉದಾಹರಣೆಗೆ, ನಾಲ್ಕು ದಿನ 14 ಡಿಗ್ರಿಯ ಆಸುಪಾಸಿನಲ್ಲಿದ್ದ ಬೆಳಗಿನ ಅಂಕೆಯು ಐದನೆಯ ದಿನ 18ಕ್ಕೆ ಏರಿ, ಇಬ್ಬನಿ ಕಾಣದೆ, ಮೂಡಣ ದಿಕ್ಕಿನಿಂದ ಮೋಡವೂ ತೇವದ ಗಾಳಿಯೂ ಬರುತ್ತಿದ್ದರೆ ಎಚ್ಚರಿಕೆಯಿಂದಿರಬೇಕು. ಇದೊಂದೇ ಮಳೆಯ ನಿಶ್ಚಯವಲ್ಲ. ಆದರೆ ಅಂದು ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ವಿಚಾರಿಸದೆ ಆಳುಗಳನ್ನು ಕೊಯ್ಲಿಗಿಳಿಸುವುದು ವಿವೇಕವಲ್ಲ. ಈ ಇಲಾಖೆಯ ಕೃಷಿ ಸಲಹೆಗಳು ವಾರಕ್ಕೆರಡು ಸಲ ಹೊರಡುತ್ತವೆ.

ಇಬ್ಬನಿ.— ಇಬ್ಬನಿಯು ಯಾವ ಹೊತ್ತಿಗೆ ಆರಿತೆಂಬುದನ್ನೂ ಬರೆದಿಡತಕ್ಕದ್ದು. ತೇವವಾರದ ರಾಗಿಯನ್ನು ಕಂತೆ ಕಟ್ಟಿ ಮೆದೆಯೊಟ್ಟಿದರೆ ಒಳಗೆ ಕಾವೇರಿ ಬೂಷ್ಟು ಹಿಡಿಯುವುದು. ಇಬ್ಬನಿಯಿಂದ ತೊಯ್ದ ಎಲೆಗಳಿಗೆ ಸಿಂಪಡಿಸಿದ ಔಷಧವು ಹರಿದು ವ್ಯರ್ಥವಾಗುವುದು. ಮೋಡವು ಹಲವು ದಿನ ಮುಸುಕಿದ್ದರೆ ತೊಗರಿ, ಕಡಲೆಗಳಲ್ಲಿ ಕಾಯಿಕೊರಕ ಹುಳುವನ್ನು ತಪ್ಪದೆ ಹುಡುಕಿ ನೋಡಬೇಕು.

ಬೆಳೆವಿಮೆ.— 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ಲಿನೋತ್ತರ ನಷ್ಟವನ್ನು ಸೇರಿಸಿರುವ ಕಡೆಗಳಲ್ಲಿ, ಕೊಯ್ದು ಹೊಲದಲ್ಲಿ ಹರಡಿದ ಬೆಳೆಗೆ 14 ದಿನಗಳವರೆಗೆ ರಕ್ಷಣೆಯುಂಟು. ನಷ್ಟವಾದ 72 ಘಂಟೆಗಳೊಳಗಾಗಿ ತಿಳಿಸತಕ್ಕದ್ದು. ಗ್ರಾಮದ ಪುಸ್ತಕವು ಅಧಿಕೃತ ಅಳತೆಯ ಸ್ಥಾನವನ್ನು ಪಡೆಯದಿದ್ದರೂ, ಎಂದು ಕೊಯ್ದದ್ದು, ಎಂದು ಮಳೆ ಬಂದದ್ದು ಎಂಬುದನ್ನು ತಡವರಿಸದೆ ಹೇಳಲು ಅದು ನೆರವಾಗುವುದು. ಅಕ್ಷರ ಬಾರದ ಸಣ್ಣ ಹಿಡುವಳಿದಾರನಿಗಂತೂ ಈ ನೆರವು ದೊಡ್ಡದು.

ಇದಕ್ಕೆ ಬೇಕಾದುದು ಒಂದು ಪುಸ್ತಕ, ಎರಡು ಉಪಕರಣ ಮತ್ತು ದಿನಕ್ಕೆ ಹತ್ತು ನಿಮಿಷ ಮಾತ್ರ. ಊರ ಮುಖಂಡರು ಈ ಕೆಲಸವನ್ನು ನಂಬಿಕೆಯುಳ್ಳ ಒಬ್ಬರಿಗೆ ಒಪ್ಪಿಸಿ, ಅವರು ಊರಲ್ಲಿಲ್ಲದ ದಿನಕ್ಕೆ ಇನ್ನೊಬ್ಬರನ್ನು ಗೊತ್ತುಮಾಡಬೇಕು. ಅಂದಂದಿನ ಅಂಕೆಗಳನ್ನು ಚಾವಡಿಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಬೇಕು. ಭೂಮಾಲೀಕನು ತನ್ನ ಕೊಯ್ಲನ್ನು ಎರಡು ದಿನ ತಡೆದು ಉಳಿಸಿಕೊಂಡರೆ ಸಾಲದು. ಅದೇ ಹಲಗೆಯನ್ನು ನೋಡಿ ನೆರೆಯ ಒಂದೆಕರೆಯ ರೈತನೂ ತನ್ನ ರಾಗಿಯನ್ನು ಉಳಿಸಿಕೊಳ್ಳುವಂತಾದಾಗಲೇ ಈ ಶ್ರಮವು ಸಾರ್ಥಕವಾಗುವುದು.