ಗೋಧಿ ಬಿಟ್ಟವ್ರಿಗೆ ಪುಂಡಿಪಲ್ಯ

ಗೋಧಿ ಬಿಡ್ರಿ ಅಂತ ಡಾಕ್ಟರ್ ಹೇಳ್ಯಾರಾ? ಗಾಬರಿ ಆಗಬ್ಯಾಡ್ರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನಮ್ಮ ದಿನದ ಊಟನ ಜ್ವಾಳದ ರೊಟ್ಟಿ. ಜ್ವಾಳದಾಗ ಗೋಧ್ಯಾಗಿನ ಗ್ಲುಟೆನ್ ಇರೂದೇ ಇಲ್ಲ. ಜೋಡಿಗೆ ಪುಂಡಿಪಲ್ಯ ಮಾಡೂಣು ಬರ್ರಿ.

ತೊಗರಿ ಬ್ಯಾಳಿ, ಒಂದು ಹಿಡಿ ಜ್ವಾಳದ ನುಚ್ಚು ಮೊದಲ ಬೇರೆ ಬೇಯಿಸ್ರಿ. ಪುಂಡಿ ಹುಳಿಗೆ ಬ್ಯಾಳಿ ಲಗೂನ ಬೇಯಂಗಿಲ್ಲ. ಪುಂಡಿ ಎಲಿ ಹೆಚ್ಚಿ ಕುದಿಸಿ, ಹುಳಿನೀರು ಸ್ವಲ್ಪ ಬಸೀರಿ. ಹಸಿಮೆಣಸಿನಕಾಯಿ, ಉಪ್ಪು ಹಾಕಿ ಎಲ್ಲಾ ಕೂಡಿಸಿ ಮಸೀರಿ. ಒಗ್ಗರಣಿಗೆ ಜಜ್ಜಿದ ಬಳ್ಳೊಳ್ಳಿ. ಅದರ ಅಂಚು ಕೆಂಪಗಾಗಿ ಘಮ್ ಅಂದ ಕೂಡಲೆ ಪಲ್ಯದ ಮ್ಯಾಲೆ ಸುರೀರಿ.

ಈ ಮಾತು ಮಾತ್ರ ಮರೀಬ್ಯಾಡ್ರಿ: ಒಗ್ಗರಣಿಗೆ ಹಿಂಗು ಹಾಕೂದಿದ್ರ ಡಬ್ಬಿ ತಿರುಗಿಸಿ ಓದ್ರಿ. ಅಂಗಡಿ ಹಿಂಗಿನಾಗ ಗೋಧಿ ಹಿಟ್ಟು ಬೆರೆಸಿರೂದು ಬಹಳ. ಗಿರಣ್ಯಾಗ ಗೋಧಿ ಬೀಸಿದ ಮ್ಯಾಲೆ ಜ್ವಾಳ ಹಾಕಿದ್ರೂ ಹಿಟ್ಟು ಬೆರೀತದ. ಸೀಲಿಯಾಕ್ (ಗ್ಲುಟೆನ್ ಆಗದ ರೋಗ) ಇದ್ದವ್ರಿಗೆ ತ್ರಾಸ ಆಗ್ಲಿಕ್ಕೆ ಅಷ್ಟು ಸಾಕು.

ಅವಸರ ಇತ್ತಂದ್ರ ಪಚಡಿ ಮಾಡ್ರಿ. ಮೆಂತ್ಯ ಸೊಪ್ಪು, ಸೌತಿಕಾಯಿ, ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಹುರಿದ ಶೇಂಗಾ ಪುಡಿ, ಉಪ್ಪು ಕಲಸ್ರಿ. 2023ರಾಗ ಜಿಐ ಮಾನ್ಯತೆ ಪಡೆದ ನಮ್ಮ ಇಂಡಿ ಲಿಂಬಿಹಣ್ಣು ಅರ್ಧ ಹೋಳು ಹಿಂಡಿ, ಆಗಿಂದಾಗ ಉಣ್ರಿ.