ಅಂಗಳದ ಗಿಡಗಳು

ನಿಮ್ಮ ಮನೆಯಂಗಳದಲ್ಲಿ ಮಲ್ಲಿಗೆ, ತುಳಸಿ, ಸಾಂಬ್ರಾಣಿ ಗಿಡಗಳಿವೆಯೇ? ಸಾಂಬ್ರಾಣಿ ಎಂದರೆ ದೊಡ್ಡಪತ್ರೆ. ಅದರ ತಂಬುಳಿ ನೀವು ಉಂಡಿರಬಹುದು. ಇದಕ್ಕೆ ಬೀಜ ಬೇಡ, ಗೇಣುದ್ದದ ತುಂಡು ನೆಟ್ಟರೆ ಚಿಗುರುತ್ತದೆ.

ನಮ್ಮ ಕಾಸರಗೋಡಿನಲ್ಲಿ ಜೂನ್ ತಿಂಗಳಿನಿಂದ ಜೋರು ಮಳೆ. ಮಳೆ ಹೆಚ್ಚಿದಷ್ಟೂ ಗಿಡಕ್ಕೆ ಒಳ್ಳೆಯದೆಂದು ತಿಳಿಯಬೇಡಿ. ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಕೊಳೆತು, ಎಲೆ ಹಳದಿಯಾಗಿ ಗಿಡ ಬಾಡುತ್ತದೆ. ಬಾಡಿತೆಂದು ಮತ್ತೆ ನೀರು ಹೊಯ್ಯುವವರೂ ಇದ್ದಾರೆ! ಹೂಕುಂಡದ ತೂತು ಮುಚ್ಚಿದ್ದರೆ ಬಿಡಿಸಿ, ಕುಂಡವನ್ನು ಮಾಡಿನ ಕೆಳಗಿಡಿ. ಅಂಗಳದ ಗಿಡದ ಬುಡಕ್ಕೆ ಮಣ್ಣು ಏರಿಸಿ.

ಚಳಿಗಾಲದಲ್ಲಿ ಹಿರಿಯರಿಂದ ಮಲ್ಲಿಗೆಯ ಕೊಂಬೆ ಸವರಿಸಿ. ಹೊಸ ಚಿಗುರುಗಳಲ್ಲೇ ಮೊಗ್ಗು ಮೂಡುತ್ತದೆ.

ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿ. ನೀರೆರೆಯುವ ಮೊದಲು ಮಣ್ಣಿಗೆ ಬೆರಳಿಳಿಸಿ ನೋಡಿ. ಒಳಗೆ ತೇವವಿದ್ದರೆ ನಾಳೆ ನೀರು ಹಾಕಿದರಾಯಿತು.